ಬೂದಿ ಬಣ್ಣದ ಅತ್ತೆ

ಕೆಲವರು ಹುಟ್ಟುವಾಗಲೇ ಧೈರ್ಯವನ್ನು ಜೊತೆಗೆ ತರುತ್ತಾರೆ. ನನ್ನ ಸರದಿ ಬರುವ ಹೊತ್ತಿಗೆ ಅದು ಮುಗಿದುಹೋಗಿತ್ತೆಂದು ಕಾಣುತ್ತದೆ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಮತ್ತೊಮ್ಮೆ ಎಳೆದು ನೋಡುವವಳು ನಾನು. ಗ್ಯಾಸ್ ಆರಿಸಿದೆನೇ ಎಂಬ ಪ್ರಶ್ನೆ ನನಗೆ ಹುಟ್ಟುವುದು ಬಸ್ಸು ನಮ್ಮ ಮಧುಗಿರಿ ದಾಟಿದ ಮೇಲೆಯೇ. ಒಮ್ಮೆ ಸಿರಾದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಎಲೆಗೆ ಪಾಯಸ ಬೀಳುವುದಕ್ಕೂ ಈ ಪ್ರಶ್ನೆ ಏಳುವುದಕ್ಕೂ ಸರಿಹೋಯಿತು. ಪಕ್ಕದ ಮನೆಯವರಿಗೆ ಫೋನ್ ಮಾಡಿ, ಅವರನ್ನು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿಸಿ ವಿಚಾರಿಸಿದೆ. "ಒಲೆ ಆರಿದೆ ಮೇಡಂ, ಆದರೆ ಕಿಟಕಿ ತೆಗೆದಿದೆಯಲ್ಲ" ಎಂದರು. ಪಾಯಸ ಎಲೆಯಲ್ಲೇ ಉಳಿಯಿತು.

ನಮ್ಮ ಯಜಮಾನರು ಇದಕ್ಕೆ ಪೂರಾ ಉಲ್ಟಾ. ಕೊರಟಗೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಅವರಿಗೆ ಕೆಲಸ. ಅಲ್ಲಿ ಕಲಿತರೋ, ಮನೆಯಿಂದಲೇ ಅಲ್ಲಿಗೆ ಒಯ್ದರೋ ಗೊತ್ತಿಲ್ಲ, "ಏನೂ ಆಗಲ್ಲ ಬಿಡು" ಎಂಬ ಒಂದೇ ಮಾತಿನಲ್ಲಿ ಸಂಸಾರ ನಡೆಸಿಕೊಂಡು ಬಂದಿದ್ದಾರೆ. ಏನಾದರೂ ಆದ ಮೇಲೆಯೂ ಅವರು ಹೇಳುವುದು ಅದನ್ನೇ. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಉತ್ತರ ಪತ್ರಿಕೆಯ ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಕೂಡಿ, ಕೆಳಗಿನಿಂದ ಮೇಲಕ್ಕೆ ಕೂಡಿ, ಎರಡೂ ಒಂದೇ ಬಂದರೆ ಎರಡು ಸಲವೂ ತಪ್ಪಿರಬಹುದು ಎಂದು ಕೊರಗುತ್ತೇನೆ. ಎದೆ ಢವಢವ ಎನ್ನುತ್ತದೆಂದು ಡಾಕ್ಟರ ಹತ್ತಿರ ಹೋದರೆ, "ಎದೆಗೇನೂ ಆಗಿಲ್ಲ ಮೇಡಂ, ಮನಸ್ಸಿಗೆ ಏನಾದರೂ ಹವ್ಯಾಸ ಕೊಡಿ" ಎಂದು ಕಳಿಸಿದರು. ವಾಕಿಂಗ್ ಎಂದರೆ ಬೀದಿನಾಯಿಗಳ ಭಯ. ಕಸೂತಿ ಎಂದರೆ ಸೂಜಿ ಎಲ್ಲಿ ಬಿತ್ತೋ, ಯಾರ ಕಾಲಿಗೆ ಚುಚ್ಚಿತೋ ಎಂಬ ಭಯ.

ಅದೇ ಹೊತ್ತಿಗೆ ನಮ್ಮ ಮದುವೆಯ ಆಲ್ಬಮ್ಮಿಗೆ ಗೆದ್ದಲು ಹತ್ತಿತು. ನಾನು ಒಬ್ಬಳೇ ಕೂತಿದ್ದ ಫೋಟೋಗಳೆಲ್ಲ ಕ್ಷೇಮವಾಗಿದ್ದವು. ಧಾರೆಯಿಂದ ಮುಂದಕ್ಕೆ ಮಾತ್ರ ಯಜಮಾನರ ಮುಖವನ್ನು ಹುಡುಕಿ ಹುಡುಕಿ ತಿಂದುಬಿಟ್ಟಿದ್ದವು. "ಏನೂ ಆಗಲ್ಲ ಬಿಡು, ಮುಖ ಇಲ್ಲೇ ಇದೆಯಲ್ಲ" ಎಂದು ಅವರು ತಮ್ಮ ಕೆನ್ನೆ ತಟ್ಟಿ ತೋರಿಸಿದರು. ನನಗೆ ಸಮಾಧಾನವಾಗಲಿಲ್ಲ. ಗೆದ್ದಲು ಮುಟ್ಟದ ಆಲ್ಬಂ ಯಾವುದು ಎಂದು ಹುಡುಕುತ್ತ ಹೋದವಳಿಗೆ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಸಿಕ್ಕಿತು. ಲ್ಯಾಪ್‌ಟಾಪಿನಲ್ಲೇ ಫೋಟೋ ಅಂಟಿಸಿ, ಹೂವು, ರಿಬ್ಬನ್ನು ಇಟ್ಟು, ನಾಲ್ಕು ಮಾತು ಬರೆದು ಪುಟ ಮಾಡುವ ವಿದ್ಯೆ ಅದು. ಯಾವುದೋ ದೇಶದ ಒಬ್ಬ ಹೆಂಗಸು ಅದನ್ನು ವೀಡಿಯೋದಲ್ಲಿ ಹೇಳಿಕೊಡುತ್ತಾಳೆ. ಆಕೆಯ ಧ್ವನಿ ಎಷ್ಟು ನಿಶ್ಚಿಂತೆಯಿಂದ ಇರುತ್ತದೆಂದರೆ, ಆಕೆಯ ಮನೆಯಲ್ಲಿ ಗ್ಯಾಸ್ ಒಲೆಯೇ ಇಲ್ಲವೆಂದು ನನ್ನ ಅನುಮಾನ.

ಅದರಲ್ಲಿ ನನಗೆ ಹುಚ್ಚು ಹಿಡಿಸಿದ್ದು ಮಾಸ್ಕು. ಮೂಗಿಗೆ ಕಟ್ಟುವುದಲ್ಲ, ಫೋಟೋಗೆ ಕಟ್ಟುವುದು. ರಂಗೋಲಿ ಅಚ್ಚು ಇರುತ್ತದಲ್ಲ, ತೂತಿದ್ದ ಕಡೆ ಮಾತ್ರ ಪುಡಿ ಬೀಳುತ್ತದೆ, ಹಾಗೆ. ಕಪ್ಪನೆಯ ಒಂದು ಆಕಾರ, ಅದರ ಮೇಲೆ ಫೋಟೋ ಇಟ್ಟರೆ ಕಪ್ಪಿದ್ದಷ್ಟು ಜಾಗದಲ್ಲಿ ಮಾತ್ರ ಫೋಟೋ ಕಾಣುತ್ತದೆ. ಚೌಕ ಫೋಟೋ ಹೋಗಿ ಮೋಡದಂತೆಯೋ ಬಣ್ಣ ಬಳಿದಂತೆಯೋ ಅಂಚು ಕರಗಿದ ಚಿತ್ರವಾಗುತ್ತದೆ. ಇನ್ನೂ ಒಂದು ಚಮತ್ಕಾರವಿದೆ. ಅದೇ ಮಾಸ್ಕಿನ ಇನ್ನೊಂದು ನಕಲು ತೆಗೆದು, ಅದರ ಕಪ್ಪನ್ನು ಬೇರೆ ಬಣ್ಣಕ್ಕೆ ತಿರುಗಿಸಿ, ಫೋಟೋದ ಅಡಿಗೆ ಸ್ವಲ್ಪ ಸರಿಸಿ ಇಡಬೇಕು. ಆಗ ಸೀರೆಯ ಕೆಳಗೆ ಲಂಗದ ಅಂಚು ಇಣುಕಿದಂತೆ ಸುತ್ತಲೂ ಬಣ್ಣ ಇಣುಕುತ್ತದೆ. ಲಂಗ ಇಣುಕಿದರೆ ನಮ್ಮಲ್ಲಿ ಸನ್ನೆ ಮಾಡಿ ಹೇಳುತ್ತಾರೆ, ಇಲ್ಲಿ ಅದೇ ಕಲೆ. ಯಾವ ಬಣ್ಣ ಹಾಕಬೇಕೆಂದು ಗಾಬರಿಯಾದರೆ ಫೋಟೋದ ಒಳಗಿನದೇ ಒಂದು ಬಣ್ಣವನ್ನು ಆರಿಸಿಕೊಳ್ಳಿ, ಎಂದಿಗೂ ತಪ್ಪಾಗುವುದಿಲ್ಲ ಎಂದು ಆ ನಿಶ್ಚಿಂತೆಯ ಹೆಂಗಸು ಹೇಳಿದ್ದಳು. ಆಕೆ ಮಧುಗಿರಿಯ ಸೊಸೆಯಲ್ಲ.

ನಮ್ಮ ಅತ್ತೆಗೆ ಎಪ್ಪತ್ತು ತುಂಬುವ ದಿನ ಬಂತು. ಅವರು ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ ದಿನ ಬರೆದುಕೊಂಡರು, ಅದೇ ಆಧಾರ್ ಕಾರ್ಡಿನವರೆಗೂ ನಡೆದುಕೊಂಡು ಬಂದಿದೆ. ಆದರೂ ಒಬ್ಬಟ್ಟು ಮಾಡಿ, ಒಂದು ಚೆಂದದ ಪುಟ ಮಾಡಿ, ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಬೇಕೆಂದು ನನಗೆ ಆಸೆ. ತೊಂದರೆಯೆಂದರೆ ಅತ್ತೆ ಫೋಟೋದಲ್ಲಿ ನಗುವುದಿಲ್ಲ. ಕ್ಯಾಮೆರಾ ಕಂಡರೆ ಯಾರೋ ಸಾಕ್ಷಿ ಹೇಳಲು ಕರೆದಂತೆ ಬಿಗಿಯುತ್ತಾರೆ. ನಕ್ಕಿದ್ದು ಒಂದೇ ಒಂದರಲ್ಲಿ, ಆ ಪಾಯಸದ ಸಿರಾ ಮದುವೆಯ ಗ್ರೂಪ್ ಫೋಟೋದಲ್ಲಿ. ಆ ಫೋಟೋ ಮುಟ್ಟಲು ನಾನು ಹೆದರುವುದಕ್ಕೆ ಕಾರಣವಿತ್ತು.

ಕಾರಣ ಪಾವಗಡದ ದೊಡ್ಡಮ್ಮ. ಅತ್ತೆಯ ಒಡಹುಟ್ಟಿದ ಅಕ್ಕ. ಆ ಫೋಟೋದಲ್ಲಿ ಅತ್ತೆ ಮಧ್ಯದ ಕುರ್ಚಿಯಲ್ಲಿ ಕೂತಿದ್ದರು, ದೊಡ್ಡಮ್ಮ ಹಿಂದೆ ನಿಂತು ತಂಗಿಯ ಹೆಗಲ ಮೇಲೆ ಕೈ ಇಟ್ಟಿದ್ದರು. ಫೋಟೋಗ್ರಾಫರ್ ಆಲ್ಬಂ ಮಾಡುವಾಗ ಅದನ್ನು ಮೊಟ್ಟೆಯಾಕಾರದ ಚೌಕಟ್ಟಿಗೆ ತುರುಕಿದ. ತುರುಕುವಾಗ ದೊಡ್ಡಮ್ಮನ ತಲೆ, ಎದೆ, ತೋಳು ಎಲ್ಲ ಹೊರಗೆ ಹೋಗಿ, ಹೆಗಲ ಮೇಲಿನ ಕೈಯೊಂದು ಒಳಗೆ ಉಳಿಯಿತು. ಆಲ್ಬಂ ನೋಡಲು ಅಷ್ಟು ದೂರದಿಂದ ಬಂದಿದ್ದ ದೊಡ್ಡಮ್ಮ ಪುಟ ತಿರುವಿ ತಿರುವಿ ತಮ್ಮನ್ನು ಹುಡುಕಿದರು. ಆಗ ನಮ್ಮತ್ತೆ ಸುಮ್ಮನಿರಬೇಕಿತ್ತು. "ಕೈಯಾದ್ರೂ ಬಂದೈತಲ್ಲಕ್ಕ, ಬುಡು. ಬಳೆ ನೋಡಿದ್ರೆ ಯಾರ್ಗಾದ್ರೂ ಗೊತ್ತಾಯ್ತದೆ ನಿಂದೇ ಅಂತ" ಎಂದು ನಕ್ಕುಬಿಟ್ಟರು. ದೊಡ್ಡಮ್ಮ ಆಲ್ಬಂ ಮುಚ್ಚಿ, ಕಾಫಿ ಮುಟ್ಟದೆ ಬಸ್‌ಸ್ಟ್ಯಾಂಡಿಗೆ ನಡೆದರು. ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ. ಹಬ್ಬಕ್ಕೆ ಕರೆದರೆ, "ಕೈ ಬೇಕಾದ್ರೆ ಕಳಿಸ್ತೀನಿ, ಮಡಗ್ಕೊಳ್ಳಿ" ಎಂದು ಹೇಳಿಕಳಿಸಿದ್ದರು. ನಡುವೆ ಅವರಿಗೆ ಎದೆನೋವು ಬಂದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಏನೋ ಹಾಕಿಸಿಕೊಂಡು ಬಂದರು. ಗಾಬರಿ, ದುಃಖ, ಬಿಸಿಲು ಮೂರೂ ಕೂಡದು ಎಂದು ಡಾಕ್ಟರ್ ಹೇಳಿದ್ದರಂತೆ. ಆಗಲೂ ನಮ್ಮತ್ತೆ ನೋಡಲು ಹೋಗಲಿಲ್ಲ. ದಿನಾ ದೇವರ ಮುಂದೆ ಅಕ್ಕನ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದರು, ಅಷ್ಟೆ. ಅದನ್ನು ಪಾವಗಡಕ್ಕೆ ತಿಳಿಸಕೂಡದೆಂದು ನನಗೆ ತಾಕೀತು ಮಾಡಿದ್ದರು.

ಸಿರಾ ಮದುವೆಯ ಎಲ್ಲ ಫೋಟೋಗಳೂ ಇದ್ದ ಪೆನ್‌ಡ್ರೈವ್ ನಮ್ಮ ದೇವರ ಕೋಣೆಯ ಮೊಳೆಯಲ್ಲಿ ದಾರ ಕಟ್ಟಿ ನೇತಾಡುತ್ತಿತ್ತು. ಅದನ್ನು ತೆಗೆದು, ಕತ್ತರಿಸದ ಮೂಲ ಫೋಟೋ ಹುಡುಕಿ, ಮಾಸ್ಕಿನ ಮೇಲಿಟ್ಟೆ. ಅತ್ತೆ ಮಾತ್ರ ಕಾಣಬೇಕೆಂದು ಸರಿಸಿದೆ. ಫೋಟೋಗ್ರಾಫರ್ ಒಂದು ಸಲ ತೆಗೆದ ತಲೆಯನ್ನು ನಾನು ಎರಡನೇ ಸಲ ತೆಗೆದೆ. ಕೈ ಮಾತ್ರ ಹೋಗಲೊಲ್ಲದು. ಅಳಿಸಿದರೆ ಅತ್ತೆಯ ಹೆಗಲೂ ಹೋಗುತ್ತದೆ, ಬಿಟ್ಟರೆ ಬಳೆಯ ಸಮೇತ ಕೂತಿರುತ್ತದೆ. ತಿಕ್ಕಿ ತಿಕ್ಕಿ ಕಡೆಗೆ ಎರಡು ಬೆರಳಿಗೂ ಒಂದು ಬಳೆಗೂ ತಂದು ನಿಲ್ಲಿಸಿದೆ. ಅಲ್ಲಿಯವರೆಗೆ ಪಕ್ಕದಲ್ಲಿ ಕೂತು ನೋಡುತ್ತಿದ್ದ ಯಜಮಾನರು ಆಕಳಿಸಿ ಮಲಗಲು ಎದ್ದುಹೋದರು. ಆಮೇಲೆ ಅಡಿಯ ಮಾಸ್ಕಿಗೆ ಬಣ್ಣ. ಸೀರೆಯ ಹಸಿರು ತೆಗೆದುಕೊಂಡೆ, ಚುನಾವಣೆಯ ಕರಪತ್ರವಾಯಿತು. ಸೀರೆಯಂಚಿನ ಕೆಂಪು ತೆಗೆದುಕೊಂಡೆ, ಅತ್ತೆಗೆ ಪೆಟ್ಟಾದಂತೆ ಕಂಡಿತು. ಕೊನೆಗೆ ಅವರ ತಲೆಗೂದಲಿನ ಮೇಲೆ ಒತ್ತಿದೆ. ಅಬ್ಬಾ! ನಸುನೀಲಿ ಸೇರಿದ ಬೂದಿ ಬಣ್ಣ, ಹೊಗೆಯಂತೆ ಸುತ್ತಲೂ ಹರಡಿಕೊಂಡಿತು. ಅದರ ನಡುವೆ ಅತ್ತೆಯ ನಗು. ಮೂಲೆಗೆ ಒಂದು ದೀಪ ಇಟ್ಟೆ. ಮಾತು ಕಡಿಮೆ ಇದ್ದಷ್ಟೂ ಚೆಂದವೆಂದು ಆ ಹೆಂಗಸು ಹೇಳಿದ್ದಳಲ್ಲ, ಅದಕ್ಕೆ 'ನಿಮ್ಮ ನಗು ಎಂದೆಂದಿಗೂ ನಮ್ಮೊಂದಿಗೆ' ಎಂದಷ್ಟೇ ಬರೆದೆ. ನನ್ನ ಕೈಯಿಂದ ಇಷ್ಟು ಚೆನ್ನಾದದ್ದು ಬಂದೀತೆಂದು ನಾನೇ ನಂಬಿರಲಿಲ್ಲ.

ಭಾನುವಾರ ಬೆಳಿಗ್ಗೆ ಗ್ರೂಪಿಗೆ ಹಾಕಿದೆ. ಹಾಕಿದ ಮೇಲೆ ಯಾರು ನೋಡಿದರು, ಯಾರು ನೋಡಿಯೂ ಸುಮ್ಮನಿದ್ದಾರೆ ಎಂದು ಗಳಿಗೆಗೊಮ್ಮೆ ತೆರೆದು ನೋಡುವುದು ನನ್ನ ರೋಗ. ಇವತ್ತು ಹಾಗೆ ಮಾಡಬಾರದೆಂದು ಶಪಥ ತೊಟ್ಟು, ಫೋನಿನ ಬಾಯಿ ಮುಚ್ಚಿಸಿ, ರಾಗಿಹಿಟ್ಟಿನ ಡಬ್ಬದಲ್ಲಿ ಇಟ್ಟು, ಒಬ್ಬಟ್ಟಿಗೆ ಬೇಳೆ ಬೇಯಿಸಲು ನಿಂತೆ. ಯಜಮಾನರ ಫೋನ್ ಎಂದಿನಂತೆ ಚಾರ್ಜ್ ಇಲ್ಲದೆ ಸತ್ತಿತ್ತು. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಹರವಿಕೊಂಡು, ಕುಟ್ಟಿ ಕುಟ್ಟಿ ಬೀಜ ಬಿಡಿಸುತ್ತಿದ್ದರು. ಹುಟ್ಟುಹಬ್ಬದ ದಿನ ಇದೆಲ್ಲ ಯಾಕೆಂದರೆ, "ಹುಣಸೆಹಣ್ಗೇನು ಗೊತ್ತು ಕಣಮ್ಮ ನನ್ ಹುಟ್ಟಿದಬ್ಬ" ಎಂದಿದ್ದರು. ಅಷ್ಟು ನೆಮ್ಮದಿಯ ಬೆಳಿಗ್ಗೆ ನನ್ನ ಜೀವನದಲ್ಲಿ ಹಿಂದೆ ಬಂದಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೂರಣ ರುಬ್ಬಿಟ್ಟು, ಇನ್ನು ತಡೆಯಲಾರೆ ಎಂದು ಹಿಟ್ಟು ಕೊಡವಿ ಫೋನ್ ತೆರೆದೆ. ಮೊದಲಿಗೆ ಸಿರಾದಿಂದ ಜೋಡಿಸಿದ ಕೈಗಳು. ಎಷ್ಟು ಗೌರವ ಎನಿಸಿತು. ಅದರ ಕೆಳಗೆ ಇನ್ನಷ್ಟು ಜೋಡಿಸಿದ ಕೈಗಳು. ಅದರ ಕೆಳಗೆ ಕಣ್ಣೀರಿನ ಮುಖಗಳು. ನನ್ನ ಕಲೆ ಇಷ್ಟು ಮನಕರಗಿಸಿತೇ ಎಂದು ನನ್ನ ಕಣ್ಣೂ ಒದ್ದೆಯಾಯಿತು. ಆಮೇಲೆ ಬಂತು, "ಓಂ ಶಾಂತಿ." ಆಮೇಲೆ, "ದೊಡ್ಡ ಜೀವ ಹೋಯಿತು." ಆಮೇಲೆ, "ಮೊನ್ನೆ ಮೊನ್ನೆ ಮಾತಾಡಿಸಿದ್ದೆ, ನಂಬೋಕಾಗ್ತಿಲ್ಲ." ನಾನು ಅಡುಗೆಮನೆಯಿಂದ ಬಗ್ಗಿ ಜಗಲಿ ನೋಡಿದೆ. ಅತ್ತೆ ಕುಟ್ಟುತ್ತಿದ್ದರು. ಕಣ್ಣೆದುರಿಗೇ ಕುಟ್ಟುತ್ತಿದ್ದರೂ ಒಂದು ಗಳಿಗೆ ನನಗೇ ಅನುಮಾನವಾಯಿತು. ಇಷ್ಟು ಜನ ಒಟ್ಟಿಗೆ ತಪ್ಪು ಹೇಳುತ್ತಾರೆಯೇ?

ಆಗ ಫೋಟೋವನ್ನು ಇನ್ನೊಬ್ಬರ ಕಣ್ಣಿನಿಂದ ನೋಡಿದೆ. ಸಿರಾದಿಂದ ಪಾವಗಡದವರೆಗೆ ಯಾವ ಸರ್ಕಲ್ಲಿಗೆ ಬೇಕಾದರೂ ಹೋಗಿ. ಕಟ್ಟಿದ ಫ್ಲೆಕ್ಸಿನಲ್ಲಿ ಹಳದಿ ಕೆಂಪು ಚಿಮ್ಮುತ್ತಿದ್ದು, ಕಪ್ಪು ಕನ್ನಡಕ ಹಾಕಿದವರಿದ್ದರೆ ಹುಟ್ಟುಹಬ್ಬ. ಬೂದಿ ಬಣ್ಣದ ಮೋಡ, ಅದರಲ್ಲಿ ಕರಗಿದ ಅಂಚಿನ ಮುಖ, ಮೂಲೆಗೊಂದು ದೀಪ ಇದ್ದರೆ ಶ್ರದ್ಧಾಂಜಲಿ. ಅಕ್ಷರ ಬಾರದವರೂ ಓಡುವ ಬಸ್ಸಿನಿಂದಲೇ ಗುರುತು ಹಿಡಿದು ಕೈಮುಗಿಯುತ್ತಾರೆ. ನಾನೂ ದಿನಾ ಶಾಲೆಗೆ ಹೋಗುವಾಗ ಮುಗಿಯುತ್ತೇನೆ. ಅಂಥ ನಾನು, ಗ್ಯಾಸನ್ನು ಮೂರು ಸಲ ನೋಡುವ ನಾನು, ಬಣ್ಣ ಸುರಿಯುವ ಮುಂಚೆ ಒಂದು ಸಲವೂ ಯೋಚಿಸಲಿಲ್ಲ. ಜೀವಂತ ಅತ್ತೆಯನ್ನು ಅವರ ಕೂದಲಿನ ಬಣ್ಣದಿಂದಲೇ ಮೇಲಕ್ಕೆ ಕಳಿಸಿಬಿಟ್ಟಿದ್ದೆ.

ಗ್ರೂಪಿನಿಂದ ಚಿತ್ರ ಅಳಿಸಿದೆ. ಆದರೆ ಅದು ಆಗಲೇ ಬೇರೆ ಬೇರೆ ಗ್ರೂಪುಗಳಿಗೆ ಹೊರಟುಹೋಗಿತ್ತು. 'ಅತ್ತೆ ಚೆನ್ನಾಗಿದ್ದಾರೆ' ಎಂದು ಬರೆದೆ. ತಕ್ಷಣ ಉತ್ತರ ಬಂತು: "ಹೌದಮ್ಮ, ಎಲ್ಲಿದ್ದರೂ ಚೆನ್ನಾಗಿರಲಿ." ಓಡಿಹೋಗಿ ಯಜಮಾನರನ್ನು ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ಚಿತ್ರ ನೋಡಿ, "ಚೆನ್ನಾಗಿ ಬಂದಿದೆ" ಎಂದರು. ಆಮೇಲೆ ವಿಷಯ ತಿಳಿದು, "ಏನೂ ಆಗಲ್ಲ ಬಿಡು" ಎಂದು ನನ್ನ ಫೋನ್ ತೆಗೆದುಕೊಂಡು ಒಬ್ಬೊಬ್ಬರಿಗೆ ಹೇಳಲು ಕೂತರು. ಎಲ್ಲರೂ ನಕ್ಕರು, ಇಬ್ಬರು ಬೈದರು. ಪಾವಗಡಕ್ಕೆ ಮಾಡಿದಾಗ ಮಾತ್ರ ಯಜಮಾನರ ಮುಖ ಬದಲಾಯಿತು. ದೊಡ್ಡಮ್ಮನ ಸೊಸೆ ಎತ್ತಿದ್ದಳು. "ಅತ್ತೆ ಆಗ್ಲೇ ಬಸ್ ಹತ್ತಿಬಿಟ್ರು ಭಾವ. ಫೋಟೋ ತೋರಿಸಿದ್ದೇ ತಡ, ನಾನು ಜೊತೆಗೆ ಬರ್ತೀನಿ ಅಂದ್ರೂ ಕೇಳ್ದೆ ಒಬ್ರೇ ಹೊಂಟ್ರು. ಫೋನೂ ಇಲ್ಲೇ ಬಿಟ್ಟವ್ರೆ, ಮಾತ್ರೆನೂ ಇಲ್ಲೇ ಬಿಟ್ಟವ್ರೆ" ಎಂದಳು.

ಗಾಬರಿ, ದುಃಖ, ಬಿಸಿಲು. ಡಾಕ್ಟರ್ ಬೇಡವೆಂದ ಮೂರನ್ನೂ ನಾನು ಒಂದೇ ಬಸ್ಸಿನಲ್ಲಿ ಕೂರಿಸಿದ್ದೆ. ಈ ಸಲ ಯಜಮಾನರು ತಮ್ಮ ಮಾತನ್ನು ಹೇಳಲಿಲ್ಲ. ಅವರು ಅದನ್ನು ಹೇಳದಿದ್ದಾಗಲೇ ನನಗೆ ನಿಜವಾದ ಭಯ ಹತ್ತಿದ್ದು. ಬಸ್‌ಸ್ಟ್ಯಾಂಡಿನಲ್ಲೇ ದೊಡ್ಡಮ್ಮನನ್ನು ಹಿಡಿದು ಮೆಲ್ಲಗೆ ಹೇಳುತ್ತೇನೆಂದು ಬೈಕು ಹತ್ತಿ ಹೋದರು. ನಾನು ಮನೆಯಲ್ಲಿ ಉಳಿದು ಎಲ್ಲವನ್ನೂ ಕಲ್ಪಿಸಿಕೊಂಡೆ. ಮಿಡಿಗೇಶಿಯ ಹತ್ತಿರ ಬಸ್ಸು ನಿಂತಿರುವುದು, ಯಾರೋ ನೀರು ಚಿಮುಕಿಸುತ್ತಿರುವುದು, ಕಂಡಕ್ಟರ್ ಸೀಟಿ ಊದುತ್ತಿರುವುದು. ಬಂದು ತಲುಪಿದರೆ ಇನ್ನೂ ಕಷ್ಟ. ತಂಗಿ ಸತ್ತಳೆಂಬ ದುಃಖವನ್ನು ಅಷ್ಟು ದೂರ ಹೊತ್ತು ತಂದ ಎದೆ, ಬದುಕಿದ್ದಾಳೆಂಬ ಸಂತೋಷವನ್ನು ತಡೆಯುತ್ತದೆಯೇ? ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಯಾರನ್ನು ಕೇಳುವುದು? ಒಂದು ಚೊಂಬು ಸಕ್ಕರೆ ನೀರು ಕಲಸಿಟ್ಟೆ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆಯೆಂದು ನೆನಪಾಗಿ ಚೆಲ್ಲಿದೆ. ಮಜ್ಜಿಗೆ ಮಾಡಿದೆ. ಅತ್ತೆ ಒಳಗಿದ್ದರೆ ಸ್ವಲ್ಪ ಸ್ವಲ್ಪವಾಗಿ ತೋರಿಸಬಹುದೆಂದು, "ಅತ್ತೆ, ಒಳಗೆ ಬನ್ನಿ, ಬಿಸಿಲು" ಎಂದೆ. "ಬಿಸ್ಲಿದ್ರೆ ತಾನೆ ಹಣ್ಣು ಒಣಗೋದು. ಅದೇನವ್ವ ಅಂಗೆ ಬೆವೀತಿದ್ದೀಯ? ಒಲೆ ಆರ್ಸಿದ್ಯಾ?" ಎಂದರು.

ಅಷ್ಟರಲ್ಲಿ ಕೊಳಾಲದ ಮಾವ ಬಂದರು. ಅತ್ತೆಯ ತಮ್ಮ. ಅವರಿಗೆ ಫೋನ್ ತಲುಪುವ ಮುಂಚೆಯೇ ಹೊರಟುಬಿಟ್ಟಿದ್ದರು. ಕೈಯಲ್ಲಿ ಆಳುದ್ದದ ಸೇವಂತಿಗೆ ಹಾರ. ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ಟವೆಲಿನಲ್ಲಿ ಕಣ್ಣೊರೆಸಿಕೊಂಡು ತಲೆ ಎತ್ತಿದವರು ಅಕ್ಕನನ್ನು ಕಂಡು ಕಲ್ಲಾದರು. ನಾನು ಅತ್ತೆಯ ಬೆನ್ನ ಹಿಂದೆ ನಿಂತು ಎರಡೂ ಕೈ ಜೋಡಿಸಿ, ಬಾಯಿಗೆ ಬೆರಳಿಟ್ಟು, ಏನೇನೋ ಸನ್ನೆ ಮಾಡಿದೆ. ಮಾವ ನನ್ನನ್ನು ನೋಡಿದರು, ಹಾರವನ್ನು ನೋಡಿದರು, ಅಕ್ಕನನ್ನು ನೋಡಿದರು. "ಹುಟ್ಟಿದಬ್ಬ ಅಂತಲ್ಲಕ್ಕ... ಅದ್ಕೆ ತಂದೆ" ಎಂದು ಕೊರಳಿಗೆ ಹಾಕೇಬಿಟ್ಟರು. ಅತ್ತೆ ಹುಣಸೆಹಣ್ಣಿನ ಕೈಯಲ್ಲೇ ಹಾರ ಸವರಿ, "ಇವ್ನಿಗೆ ಬುದ್ಧಿ ಬರೋಕೆ ನನ್ಗೆ ಎಪ್ಪತ್ತು ತುಂಬ್ಬೇಕಾಯ್ತು ನೋಡು" ಎಂದರು. ಮಾವ ಒಳಗೆ ಬಂದು ನಾನು ಮಾಡಿಟ್ಟ ಮಜ್ಜಿಗೆಯನ್ನು ಗಟಗಟ ಕುಡಿದು ಮೂಲೆಯಲ್ಲಿ ಕೂತರು. ಅತ್ತೆ ಹಾರ ತೆಗೆಯಲೊಲ್ಲರು. ಹಾರ ಹಾಕಿಕೊಂಡೇ ಕುಟ್ಟಲು ಶುರುಮಾಡಿದರು. ದೊಡ್ಡಮ್ಮ ಬಂದು ನೋಡುವುದು ಇದನ್ನೇ.

ದೊಡ್ಡಮ್ಮ ಬಸ್‌ಸ್ಟ್ಯಾಂಡಿನವರೆಗೆ ಹೋಗಲೇ ಇಲ್ಲ. ನಮ್ಮ ಬೀದಿಯ ತುದಿಯಲ್ಲೇ ಡ್ರೈವರನ್ನು ಗದರಿಸಿ ಬಸ್ಸು ನಿಲ್ಲಿಸಿ ಇಳಿದಿದ್ದರು. ಮೊದಲು ಕೇಳಿಸಿದ್ದು ಧ್ವನಿ. ನಮ್ಮ ಕಡೆ ಸಾವಿನ ಮನೆಗೆ ಬರುವ ಹೆಂಗಸರು ದೂರದಿಂದಲೇ ಹಾಡಿಕೊಂಡು ಅಳುತ್ತ ಬರುತ್ತಾರೆ. ಪಾವಗಡಕ್ಕೆ ಸೊಸೆಯಾಗಿ ಹೋಗಿ ಇಷ್ಟು ವರ್ಷವಾದ ಮೇಲೆ ದೊಡ್ಡಮ್ಮನಿಗೆ 'ನನ್ನ ಬಿಟ್ಟು ಹೋದೆಯಾ ತಂಗಿ' ಎಂಬ ಅಳು ಶುರುವಾಗುವುದು ತೆಲುಗಿನಲ್ಲೇ. "ನನ್ನಿಡಿಸಿ ಪೋತಿವಾ ಚೆಲ್ಲೀ... ಮಾತು ಬುಟ್ಟು ಹೊಂಟೋದ್ಯೇನೇ ಗೌರೀ..." ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಗೌರಿ ಎಂಬುದು ನಮ್ಮತ್ತೆಯ ಹೆಸರೇ, ಆದರೆ ತಮ್ಮದೇ ಸಾವಿಗೆ ಅಳುತ್ತಿದ್ದಾರೆಂದು ಯಾರಿಗೆ ತೋಚೀತು? ಅತ್ತೆ ಕುಟ್ಟುವುದು ನಿಲ್ಲಿಸಿ ಕಿವಿಗೊಟ್ಟರು. "ಯಾರ್ ಮನೇಲಿ ಹೋದ್ರು? ಪಾಪ, ಹೆಂಗ್ ಹೊಟ್ಟೆ ಉರ್ಕೊಂಡು ಅಳ್ತಾವ್ಳೆ ನೋಡು" ಎಂದು ಅವರ ಕಣ್ಣೂ ತುಂಬಿತು. ಹೋಗಿ ನಾಲ್ಕು ಮಾತು ಸಮಾಧಾನ ಹೇಳೋಣವೆಂದು ಎದ್ದು ಕೈ ತೊಳೆದು, ಸೆರಗಿನಲ್ಲಿ ಕಣ್ಣೊರೆಸುತ್ತ ಗೇಟಿಗೆ ಬಂದರು. ಅಳುತ್ತ ಬಂದ ಅಕ್ಕ, ಅಳುತ್ತ ಹೊರಟ ತಂಗಿ ಗೇಟಿನಲ್ಲಿ ಎದುರಾದರು. ನಾನು ಬಾಗಿಲು ಹಿಡಿದು ಕಣ್ಣು ಮುಚ್ಚಿಕೊಂಡೆ.

ಯಾರೂ ಬಿದ್ದ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟೆ. ದೊಡ್ಡಮ್ಮನ ಬಾಯಿ ಹಾಡಿನ ಮಧ್ಯದಲ್ಲೇ ತೆರೆದು ನಿಂತಿತ್ತು. ಹಾರ ಹಾಕಿಕೊಂಡು ಎದುರಿಗೆ ನಿಂತ ತಂಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಏನೇ, ಬದುಕಿದ್ದೀಯಾ?" ಎಂದರು.

"ಯಾಕಕ್ಕ, ಬ್ಯಾಡ್ವಾ?" ಎಂದರು ಅತ್ತೆ.

"ಬದುಕಿದ್ದೀಯ ಅಂತ ಗೊತ್ತಿದ್ರೆ ಈ ಬಿಸ್ಲಾಗೆ ನಾನ್ಯಾಕೆ ಬತ್ತಿದ್ದೆ?" ದೊಡ್ಡಮ್ಮ ಜಗಲಿಯ ಮೇಲೆ ಕುಸಿದು ಕೂತರು. ನಾನು ಓಡಿಹೋಗಿ ನೀರು ಕೊಟ್ಟೆ. ಅವರು ಕುಡಿದು, ಎದೆ ನೀವಿಕೊಂಡು, ತಂಗಿಯ ಕೆನ್ನೆ ಮುಟ್ಟಿ, ಕೈ ಮುಟ್ಟಿ, ಮತ್ತೆ ಕೆನ್ನೆ ಮುಟ್ಟಿದರು. ಆಮೇಲೆ ಗಟ್ಟಿಯಾಗಿ ಅತ್ತರು. ಈ ಸಲ ಹಾಡಿರಲಿಲ್ಲ. ಅತ್ತೆಯೂ ಏನೆಂದು ಕೇಳದೆ ಅತ್ತರು. ಮೂಲೆಯಲ್ಲಿದ್ದ ಮಾವ ಕಾರಣವಿಲ್ಲದೆ ಅತ್ತರು. ಅಷ್ಟರಲ್ಲಿ ವಾಪಸ್ ಬಂದ ಯಜಮಾನರು ಗೇಟಿನಲ್ಲಿ ನಿಂತು ಎಲ್ಲರನ್ನೂ ನೋಡಿ, ನನ್ನ ಕಡೆ ತಿರುಗಿ, ದೊಡ್ಡದೊಂದು ಉಸಿರು ಬಿಟ್ಟು, "ಏನೂ ಆಗಲ್ಲ ಅಂದಿರಲಿಲ್ವಾ?" ಎಂದರು. ಅಂದಿರಲಿಲ್ಲ.

ಅಳು ಮುಗಿದ ಮೇಲೆ ವಿಚಾರಣೆ. ನಾನು ಫೋನ್ ಹಿಡಿದು ಅಪರಾಧಿಯಂತೆ ನಿಂತು ಮಾಸ್ಕು, ಬಣ್ಣ ಎಲ್ಲ ವಿವರಿಸಿದೆ. ಅತ್ತೆ ತಮ್ಮ ಶ್ರದ್ಧಾಂಜಲಿಯನ್ನು ಕನ್ನಡಕ ಹಾಕಿ ಬಹಳ ಹೊತ್ತು ನೋಡಿ, "ಚೆನ್ನಾಗೈತೆ ಕಣಮ್ಮ. ದೀಪ ಒಂಚೂರು ದೊಡ್ದು ಮಾಡ್ಬೋದಿತ್ತು" ಎಂದರು. ದೊಡ್ಡಮ್ಮ ಮಾತ್ರ ಆ ಎರಡು ಬೆರಳಿನ ಮೇಲೆ ತಮ್ಮ ಬೆರಳಿಟ್ಟರು. "ಸತ್ತೋಳ ಫೋಟೋದಾಗೂ ನನ್ ಕೈ ಮಡಗವ್ರಲ್ಲ ಅಂತ ಕರ್ಳು ಕಿತ್ಕೊಂಡು ಬಂತು. ಅದ್ನ ನೋಡೇ ಬಸ್ಸತ್ತಿದ್ದು. ಬೇಕಂತ್ಲೇ ಬುಟ್ಯೇನಮ್ಮ ಸುಜಾತ?" ಎಂದು ಕೇಳಿದರು. ಆ ಕೈಯನ್ನು ಅಳಿಸಲು ನಾನು ಪಟ್ಟ ಪಾಡು ನನಗೆ ಗೊತ್ತು. ಪಕ್ಕದಲ್ಲಿ ಕೂತು ನೋಡಿದ್ದ ಯಜಮಾನರಿಗೂ ಗೊತ್ತು. "ಹೌದು ದೊಡ್ಡಮ್ಮ, ಬೇಕಂತಲೇ" ಎಂದೆ. ಯಜಮಾನರು ಕೆಮ್ಮಿದರು.

ಆ ಧೈರ್ಯದಲ್ಲೇ ಲ್ಯಾಪ್‌ಟಾಪ್ ತಂದು, ಕತ್ತರಿಸದ ಮೂಲ ಫೋಟೋ ತೆರೆದು ತೋರಿಸಿದೆ. "ನೋಡಿ ದೊಡ್ಡಮ್ಮ, ನೀವು ಪೂರ್ತಿ ಇದ್ದೀರಿ." ದೊಡ್ಡಮ್ಮ ಬಗ್ಗಿ ನೋಡಿದರು. ತಲೆ, ಎದೆ, ತೋಳು ಎಲ್ಲ ಇತ್ತು. ಕಣ್ಣೆರಡೂ ಗಟ್ಟಿಯಾಗಿ ಮುಚ್ಚಿದ್ದವು, ಬಾಯಿ ಅರ್ಧ ತೆರೆದಿತ್ತು. ಅತ್ತೆಯ ನಗು, ಆ ಕೈ ಎಂದು ತಡಕಾಡುವಾಗ ಮೇಲಿನ ಮುಖವನ್ನು ನಾನು ಸರಿಯಾಗಿ ನೋಡೇ ಇರಲಿಲ್ಲ. ಆ ಫೋಟೋಗ್ರಾಫರ್ ಎಂಥ ದಯಾವಂತ ಎಂದು ನನಗೆ ಆಗ ಅರ್ಥವಾಯಿತು. ದೊಡ್ಡಮ್ಮ ಪರದೆಯನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ನೋಡಿದರು. ಕೊನೆಗೆ ತಂಗಿಯ ಕಡೆ ತಿರುಗಿ, "ಕೈಯೇ ವಾಸಿ" ಎಂದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ಈ ಸಲ ದೊಡ್ಡಮ್ಮನೂ ನಕ್ಕರು.

ದೊಡ್ಡಮ್ಮನ ಕೈಚೀಲದಲ್ಲಿ ಒಂದು ಹೊಸ ಸೀರೆಯಿತ್ತು. ತವರಿನ ಕಡೆಯಿಂದ ಕೊನೆಯದಾಗಿ ಹೊದಿಸುವ ಸೀರೆ, ಅಕ್ಕನಾಗಿ ತಾವೇ ಹೊದಿಸಬೇಕೆಂದು ತಂದಿದ್ದರು. ಅದನ್ನು ನಾಚಿಕೊಂಡು ಒಳಗೆ ತುರುಕುತ್ತಿದ್ದಾಗ ಅತ್ತೆ ಕಿತ್ತುಕೊಂಡರು. "ಅಯ್ಯಯ್ಯೋ, ಬೇಡ ಅತ್ತೆ, ಅದು ಅಂಥ ಸೀರೆ" ಎಂದು ನಾನು ಕೂಗಿಕೊಂಡೆ. "ಸತ್ತ ಮ್ಯಾಲೆ ಹೊದಿಸಿದ್ರೆ ಬಣ್ಣ ಹೆಂಗೈತೆ ಅಂತ ನನ್ಗೇನು ಕಾಣ್ತದಾ?" ಎಂದು ಒಳಗೆ ಹೋಗಿ ಉಟ್ಟುಕೊಂಡೇ ಬಂದರು. ಹಳದಿ ಸೀರೆ, ನೇರಳೆ ಅಂಚು. ಅಕ್ಕ ತಂಗಿ ಜಗಲಿಯಲ್ಲಿ ಹುಣಸೆಹಣ್ಣಿನ ನಡುವೆ ಕೂತರು. ನಾನು ಫೋಟೋ ತೆಗೆದೆ. ದೊಡ್ಡಮ್ಮನ ಕಣ್ಣು ತೆರೆದಿವೆಯೇ ಎಂದು ಮೂರು ಸಲ ಪರೀಕ್ಷಿಸಿದೆ. ಅಲ್ಲೇ ಕೂತು ಇಬ್ಬರೂ ಪೂರ್ತಿ ಹಿಡಿಯುವಂಥ ದೊಡ್ಡ ಮಾಸ್ಕು ಹುಡುಕಿದೆ. ಇನ್ನು ಅಡಿಯ ಬಣ್ಣ. ಬುದ್ಧಿ ಬಂದಿತ್ತಲ್ಲ, ಸೀರೆಯ ಹಳದಿಯನ್ನು ಆರಿಸಿಕೊಂಡು, "ಈಗ ಯಾರೂ ತಪ್ಪು ತಿಳಿಯುವುದಿಲ್ಲ" ಎಂದೆ.

ಅತ್ತೆ ನನ್ನ ಕೈ ಹಿಡಿದರು. "ಬ್ಯಾಡ. ಆ ಬೂದಿ ಬಣ್ಣನೇ ಹಾಕು. ಹಳದಿ ಹಾಕಿದ್ರೆ ಇವ್ಳು ಬರಲ್ಲ."

ದೊಡ್ಡಮ್ಮ ತಲೆ ತಗ್ಗಿಸಿ ಹುಣಸೆಹಣ್ಣಿನ ನಾರು ಎಳೆಯುತ್ತಿದ್ದರು. ಬೇಡವೆನ್ನಲಿಲ್ಲ. ನಾನು ಬೂದಿ ಬಣ್ಣವನ್ನೇ ಹಾಕಿದೆ. ಗ್ರೂಪಿಗೆ ಕಳಿಸುವಾಗ ಮಾತ್ರ ದಪ್ಪ ಅಕ್ಷರದಲ್ಲಿ 'ಇಬ್ಬರೂ ಬದುಕಿದ್ದಾರೆ' ಎಂದು ಕೆಳಗೆ ಬರೆದೆ. ಹಾಗಿದ್ದರೂ ಸಿರಾದಿಂದ ಜೋಡಿಸಿದ ಕೈಗಳು ಬಂದವು. ದೊಡ್ಡಮ್ಮ ಅವತ್ತು ಒಬ್ಬಟ್ಟು ತಿಂದು, ಮಾತ್ರೆಯನ್ನು ಇಲ್ಲೇ ತರಿಸಿಕೊಂಡು, ಹುಣಸೆಹಣ್ಣು ಮುಗಿಯುವವರೆಗೆ ನಮ್ಮಲ್ಲೇ ಉಳಿದರು. ಈಗ ತಿಂಗಳಿಗೊಮ್ಮೆ ಬರುತ್ತಾರೆ, ಬಂದು ಜಗಳವಾಡಿ ಹೋಗುತ್ತಾರೆ. ನಮ್ಮ ಬೀದಿಯ ಇಬ್ಬರು ಮುದುಕಿಯರು ತಮ್ಮದನ್ನೂ ಬೂದಿಯಲ್ಲಿ ಮಾಡಿಕೊಡೆಂದು ನನ್ನನ್ನು ಗುಟ್ಟಾಗಿ ಕೇಳಿದ್ದಾರೆ.

ಮೊನ್ನೆ ನನ್ನ ಹುಟ್ಟುಹಬ್ಬ ಬಂತು. ನನ್ನದೇ ಒಂದು ಪುಟ ಮಾಡಿದೆ. ಮಾಸ್ಕಿಗೆ ಮಾವಿನಹಣ್ಣಿನ ಬಣ್ಣ, ಅಂಚಿಗೆ ಕುಂಕುಮದ ಕೆಂಪು, ಯಾರಿಗೂ ಅನುಮಾನ ಬಾರದಂತೆ ಒಂದು ಕೇಕು, ನಾಲ್ಕು ಬಲೂನು. ಗ್ರೂಪಿಗೆ ಹಾಕಿ, ಈ ಸಲ ಫೋನನ್ನು ಡಬ್ಬದಲ್ಲಿ ಇಡದೆ ಕೈಯಲ್ಲೇ ಹಿಡಿದು ಕೂತೆ. ಕೊಳಾಲದ ಮಾವ ಹೆಬ್ಬೆರಳು ಎತ್ತಿದರು. ಪಾವಗಡದಿಂದ ಒಂದು ಹೂವು ಬಂತು. ಸಿರಾದವರು ನೋಡಿಯೂ ಸುಮ್ಮನಿದ್ದರು. ಯಾರೂ ಅಳಲಿಲ್ಲ, ಯಾರೂ ಬಸ್ಸು ಹತ್ತಲಿಲ್ಲ. ಯಜಮಾನರಿಗೆ ನೆನಪಾದದ್ದು ಸಂಜೆ. ಆ ಬೂದಿ ಬಣ್ಣ ಲ್ಯಾಪ್‌ಟಾಪಿನ ಬಣ್ಣಗಳ ಸಾಲಿನಲ್ಲಿ ಇನ್ನೂ ಹಾಗೇ ಕೂತಿದೆ. ನನ್ನ ಬೆರಳು ಅದರ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ವಾಪಸ್ ಬರುತ್ತದೆ. ಒತ್ತಿಬಿಡಲು ಎಷ್ಟು ಹೊತ್ತು! ಆದರೆ ಒತ್ತಿದ ಮೇಲೂ ಯಾರೂ ಬರದೆಹೋದರೆ?